ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಒಡೆಯುವ ಯಂತ್ರ: ತಿರುಪಿನದೋ, ಹೈಡ್ರಾಲಿಕ್ಕೋ?

ಹೊಸನಗರದ ತೋಟಿಗ:
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ) ಬೇಯಿಸಿ, ಕೆಂಪಡಿಕೆ ಮಾಡುವ ಮನೆ. ಕೊಯ್ಲಿನ ದಿನಗಳಲ್ಲಿ ಹಂಡೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತದೆ, ಬಚ್ಚಲ ಒಲೆಯಂತೂ ವರ್ಷವಿಡೀ ಇದ್ದದ್ದೇ. ಇಪ್ಪತ್ತು ವರ್ಷ ನಮಗೆ ಕಟ್ಟಿಗೆ ಒಡೆದುಕೊಟ್ಟವರು ಮೊಣಕಾಲು ನೋವಿನಿಂದ ಕೊಡಲಿ ಕೆಳಗಿಟ್ಟಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುವವರಲ್ಲ, ಬರಬೇಕೆಂದು ನಾನು ಬಯಸುವುದೂ ಸರಿಯಲ್ಲ.

ಈಗ ಅಂಗಳದ ಬದಿಯಲ್ಲಿ ಅಕೇಶಿಯಾ ದಿಮ್ಮಿಗಳು ರಾಶಿ ಬಿದ್ದಿವೆ. ಮೂರು ಬಗೆಯ ಯಂತ್ರಗಳ ಹೆಸರು ಕಿವಿಗೆ ಬಿದ್ದಿದೆ. ಒಂದು, ಮೋಟಾರಿಗೆ ಬೆಲ್ಟು ಹಾಕಿ ಬುಗುರಿಯಾಕಾರದ ತಿರುಪನ್ನು ತಿರುಗಿಸುವುದು. ದಿಮ್ಮಿಯನ್ನು ಅದಕ್ಕೆ ತಾಗಿಸಿದರೆ ಕೊರೆದುಕೊಂಡು ಒಳಹೊಕ್ಕು ಸೀಳುತ್ತದೆ. ಇನ್ನೊಂದು ಹೈಡ್ರಾಲಿಕ್, ಎಣ್ಣೆಯ ಒತ್ತಡದಿಂದ ದಿಮ್ಮಿಯನ್ನು ಬೆಣೆಗೆ ಒತ್ತುವುದು. ಮೂರನೆಯದನ್ನು ನಾನು ಕಣ್ಣಾರೆ ಕಂಡಿಲ್ಲ. ಬೆಂಗಳೂರಿನಲ್ಲಿರುವ ಮಗ ಅದರ ವಿಡಿಯೊ ಕಳಿಸಿದ್ದಾನೆ. ಇಡೀ ಬೊಡ್ಡೆಯನ್ನು ಒಂದು ತುದಿಯಿಂದ ಊಡಿಸಿದರೆ ತಾನೇ ಕತ್ತರಿಸಿ, ತಾನೇ ಸೀಳಿ, ಟ್ರಾಲಿಗೆ ಸುರಿಯುತ್ತದಂತೆ. "ಅಪ್ಪಯ್ಯ, ತಗೊಳ್ಳುವುದಾದರೆ ಇದನ್ನೇ ತಗೊಳ್ಳಿ" ಎನ್ನುತ್ತಾನೆ. ಹಣ ಕೊಡುವವನು ನಾನಾದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಮ್ಮ ಮಳೆಗೆ, ನಮ್ಮ ಕರೆಂಟಿಗೆ, ನಮ್ಮ ಮರಕ್ಕೆ ಯಾವುದು ಒಗ್ಗುತ್ತದೆ? ಕೊಂಡ ಮೇಲೆ ಅದನ್ನು ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿಯವ:
ವರ್ಷಕ್ಕೆ ಎಷ್ಟು ಲೋಡು, ತುಂಡಿನ ಉದ್ದ ಎಷ್ಟು, ದಪ್ಪ ಎಷ್ಟು? ಇವು ಮೂರನ್ನು ಹೇಳದೆ ಯಂತ್ರ ಕೇಳುವುದು ಕಾಲಿನ ಅಳತೆ ಹೇಳದೆ ಚಪ್ಪಲಿ ಕೇಳಿದ ಹಾಗೆ.

ಹೊಸನಗರದ ತೋಟಿಗ:
ಸಣ್ಣ ಪಿಕಪ್ಪಿನ ಲೆಕ್ಕದಲ್ಲಿ ವರ್ಷಕ್ಕೆ ಆರು ಲೋಡು. ಹಂಡೆಯ ಒಲೆಗೆ ಮೂರು ಅಡಿಯ ತುಂಡುಗಳು, ಬಚ್ಚಲ ಒಲೆಗೆ ಒಂದೂವರೆ ಅಡಿ. ದಪ್ಪ ಹೆಚ್ಚಾಗಿ ಒಂದು ಅಡಿಯೊಳಗೆ, ಬುಡದ ತುಂಡುಗಳು ಮಾತ್ರ ಇನ್ನೂ ದಪ್ಪ. ಗಂಟುಗಳು ಸಾಕಷ್ಟಿವೆ.

ಬೆಟ್ಟದಂಚು:
ನಾವು ಶಿರಸಿ ಕಡೆಯವರು. ಮೂರು ವರ್ಷದಿಂದ ತಿರುಪಿನ ಯಂತ್ರವನ್ನೇ ಬಳಸುತ್ತಿದ್ದೇವೆ, ಬೇರೆ ಯೋಚನೆಯೇ ಬೇಡ ಎನ್ನುವವನು ನಾನು. ಎಣ್ಣೆ ಇಲ್ಲ, ಪಂಪಿಲ್ಲ, ಸೀಲಿಲ್ಲ. ಒಂದು ಮೋಟಾರು, ಎರಡು ಪುಲ್ಲಿ, ಎರಡು ಬೇರಿಂಗು, ತುದಿಯಲ್ಲಿ ತಿರುಪು, ಅಷ್ಟೇ. ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಟ್ಟ. ಮುಖ್ಯವಾದ ಸಂಗತಿ ಎಂದರೆ ತುಂಡು ಮೂರು ಅಡಿ ಇರಲಿ, ನಾಲ್ಕು ಅಡಿ ಇರಲಿ, ಅದಕ್ಕೆ ಲೆಕ್ಕವಿಲ್ಲ, ಏಕೆಂದರೆ ದಿಮ್ಮಿಯನ್ನು ಮಗ್ಗುಲಿನಿಂದ ತಾಗಿಸುತ್ತೇವೆಯೇ ಹೊರತು ತುದಿಯಿಂದಲ್ಲ. ತಿರುಪಿನ ಮೊನೆ ಸವೆದರೆ ಬಿಚ್ಚಿ, ಗಡಸು ವೆಲ್ಡಿಂಗ್ ಹಾಕಿಸಿ, ಉಜ್ಜಿಸಿದರೆ ಮತ್ತೆ ಹೊಸದೇ.

ಕೊಪ್ಪದ ವರ್ಕ್‌ಶಾಪ್:
ಬೆಟ್ಟದಂಚಿನವರ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಸತ್ಯವಿದೆ. ನಾನು ಇಂಥ ಯಂತ್ರಗಳನ್ನು ರಿಪೇರಿ ಮಾಡುವವನು, ಹಾಗಾಗಿ ಯಂತ್ರದ ಜೊತೆಗೆ ಬರುವ ಮನುಷ್ಯರ ಕೈಗಳನ್ನೂ ನೋಡುತ್ತೇನೆ. ತಿರುಗುವ ತಿರುಪಿಗೆ ಮರಕ್ಕೂ ಲುಂಗಿಯ ತುದಿಗೂ ವ್ಯತ್ಯಾಸ ಗೊತ್ತಿಲ್ಲ. ಹೆಗಲ ಮೇಲಿನ ಟವೆಲ್ಲು, ಸಡಿಲವಾದ ತೋಳು, ನೂಲಿನ ಕೈಗವಸು, ಯಾವುದೇ ಸಿಕ್ಕಿದರೂ ಸುತ್ತಿಕೊಂಡು ಎಳೆಯುತ್ತದೆ, ಮೋಟಾರು ಆರಿಸಲು ಕೈ ಹೋಗುವಷ್ಟು ಹೊತ್ತನ್ನೂ ಕೊಡುವುದಿಲ್ಲ. ಗಂಟಿನ ದಿಮ್ಮಿಯಲ್ಲಿ ತಿರುಪು ಸಿಕ್ಕಿಕೊಂಡಿತೆನ್ನಿ, ಆಗ ತಿರುಗುವುದು ದಿಮ್ಮಿಯೇ. ಮೂರು ಅಡಿಯ ಹಸಿ ಅಕೇಶಿಯಾ ಗದೆಯಂತೆ ಬೀಸಿ ಬಂದರೆ ಮೊಣಕಾಲಿನ ಗತಿ ಏನು? ನಾನು ನೋಡಿದ ಒಂದು ಯಂತ್ರದಲ್ಲಿ ದಿಮ್ಮಿ ತಿರುಗದಂತೆ ತಡೆಯುವ ಕಬ್ಬಿಣದ ಆನಿಕೆಯೇ ಇರಲಿಲ್ಲ, ಸ್ವಿಚ್ಚು ಆಳು ನಿಲ್ಲುವ ಜಾಗದಿಂದ ಎಂಟು ಅಡಿ ದೂರದ ಗೋಡೆಯಲ್ಲಿತ್ತು.

ಬೆಟ್ಟದಂಚು:
ಕೊಡಲಿಯೂ ಕಾಲು ಕಡಿಯುತ್ತದೆ ಸ್ವಾಮಿ. ಅಡಿಕೆ ಸುಲಿಯುವ ಯಂತ್ರ ಬಂದಾಗಲೂ ಇದೇ ಮಾತುಗಳನ್ನು ಕೇಳಿದ್ದೆವು. ನಮ್ಮಲ್ಲಿ ನಿಯಮ ಕಟ್ಟುನಿಟ್ಟು: ಚಡ್ಡಿ, ಮೈಗೆ ಅಂಟಿದ ಬನಿಯನ್ನು, ಬರಿಗೈ, ಕಾಲಿಗೆ ಬೂಟು. ದಿಮ್ಮಿಯ ಕೆಳಗೆ ಎರಡು ಅಡಿ ಅಗಲದ ದಪ್ಪ ತಗಡಿನ ಹಲಗೆ ಇದೆ, ದಿಮ್ಮಿ ಅದಕ್ಕೆ ಆತುಕೊಂಡು ನಿಲ್ಲುತ್ತದೆ. ಬೆಲ್ಟನ್ನು ಬೇಕೆಂದೇ ತುಸು ಸಡಿಲ ಬಿಟ್ಟಿದ್ದೇವೆ. ಸಿಕ್ಕಿಕೊಂಡರೆ ಬೆಲ್ಟು ಜಾರುತ್ತದೆ, ಮೋಟಾರು ಉಳಿಯುತ್ತದೆ.

ಕೊಪ್ಪದ ವರ್ಕ್‌ಶಾಪ್:
ಬೆಲ್ಟು ಜಾರುವುದು ಒಳ್ಳೆಯದೇ, ಒಪ್ಪುತ್ತೇನೆ. ಟ್ರಾಕ್ಟರಿನ ಪಿಟಿಒಗೆ (ಹಿಂದೆ ತಿರುಗುವ ದಂಡಕ್ಕೆ) ನೇರವಾಗಿ ಜೋಡಿಸಿದ ತಿರುಪುಗಳಿಗೆ ಆ ಕರುಣೆಯೂ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ನೀವು ನಿಯಮ ಪಾಲಿಸುತ್ತೀರಿ, ನೀವು ಊರಿಗೆ ಹೋದ ದಿನ ಯಂತ್ರ ಹಾಕುವ ಹುಡುಗ ಪಾಲಿಸುತ್ತಾನೆಯೇ ಎಂಬುದು ನನ್ನ ಪ್ರಶ್ನೆ. ಕನಿಷ್ಠ ಕಾಲಿನಿಂದ ಒದ್ದರೆ ಆರುವ ಕೆಂಪು ಸ್ವಿಚ್ಚನ್ನಾದರೂ ಹಾಕಿಸಿಕೊಳ್ಳಿ.

ಬಚ್ಚಲೊಲೆ:
ನಾನು ಸಾಗರದ ಕಡೆಯ ಗೃಹಿಣಿ. ನಮ್ಮ ಮನೆಯಲ್ಲಿ ಹೈಡ್ರಾಲಿಕ್ ಸಣ್ಣ ಯಂತ್ರವಿದೆ, ಮಲಗಿಸಿದ ಮಾದರಿ, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುತ್ತದೆ. ಗಂಡಸರ ಚರ್ಚೆಯಲ್ಲಿ ಒಂದು ಮಾತು ಬಿಟ್ಟುಹೋಗುತ್ತಿದೆ: ಬಚ್ಚಲ ಒಲೆಗೆ ದಿನಾ ಕಟ್ಟಿಗೆ ಹಾಕುವವರು ಯಾರು? ನಾವು. ಒಡೆದದ್ದು ಮುಗಿದ ದಿನ "ನಾಳೆ ಒಡೆಸುತ್ತೇನೆ" ಎಂದು ಕೇಳಿಸಿಕೊಳ್ಳುವವರೂ ನಾವೇ. ಈ ಯಂತ್ರ ಬಂದ ಮೇಲೆ ನಾನೇ ಮಧ್ಯಾಹ್ನ ಅರ್ಧ ಗಂಟೆ ನಿಂತು ವಾರಕ್ಕಾಗುವಷ್ಟು ಒಡೆದುಕೊಳ್ಳುತ್ತೇನೆ. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈ ಹಿಡಿಕೆಯ ಮೇಲೆ ಇದ್ದರೆ ಮಾತ್ರ ಬೆಣೆಯತ್ತ ಒತ್ತುತ್ತದೆ, ಯಾವುದನ್ನು ಬಿಟ್ಟರೂ ನಿಲ್ಲುತ್ತದೆ. ಆದ್ದರಿಂದ ಕೈ ಬೆಣೆಯ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಆದರೆ ಇಬ್ಬರು ಸೇರಿ, ಒಬ್ಬರು ದಿಮ್ಮಿ ಹಿಡಿದು ಇನ್ನೊಬ್ಬರು ಒತ್ತುವ ಜಾಣತನವನ್ನು ಮಾತ್ರ ಯಾರೂ ಮಾಡಬಾರದು.

ಹೊಸನಗರದ ತೋಟಿಗ:
ಅಕ್ಕಾ, ನಿಮ್ಮ ಯಂತ್ರದಲ್ಲಿ ಮೂರು ಅಡಿಯ ತುಂಡು ಕೂರುತ್ತದೆಯೇ?

ಬಚ್ಚಲೊಲೆ:
ಇಲ್ಲ. 52 ಸೆಂಟಿಮೀಟರ್, ಅಂದರೆ ಒಂದೂಮುಕ್ಕಾಲು ಅಡಿಯ ಒಳಗಿನದಷ್ಟೇ. ಹಂಡೆಯ ಒಲೆಗೆ ಈಗಲೂ ಹೊರಗಿನವರಿಂದ ಒಡೆಸುತ್ತೇವೆ.

ತೀರ್ಥಹಳ್ಳಿಯವ:
ಇದೇ ನಾನು ಮೊದಲು ಕೇಳಿದ್ದು. ಈ ಸಣ್ಣ ಯಂತ್ರಗಳೆಲ್ಲ ಹೊರದೇಶದ ಮನೆಯೊಳಗಿನ ಕಬ್ಬಿಣದ ಒಲೆಯ ಅಳತೆಗೆ ಹುಟ್ಟಿದವು. ನಮ್ಮ ಹಂಡೆಯ ಒಲೆಯನ್ನು ಅವು ಕಂಡಿಲ್ಲ. ಒಲೆಯ ಬಾಯಿಯಿಂದ ಹಿಂಗೋಡೆಯವರೆಗೆ ಟೇಪು ಹಿಡಿದು ಅಳೆದು, ಆ ಅಳತೆಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು. ನಮ್ಮ ನೆಂಟರೊಬ್ಬರು ಯಂತ್ರ ತಂದ ಮೇಲೆ ಅದಕ್ಕೆ ಸರಿಯಾಗಿ ಎಲ್ಲ ದಿಮ್ಮಿಗಳನ್ನೂ ಎರಡೆರಡು ತುಂಡು ಮಾಡಿಸಿದರು. ಗರಗಸದವನ ಕೂಲಿ ದುಪ್ಪಟ್ಟಾಯಿತು, ಗಿಡ್ಡ ತುಂಡುಗಳು ಬೇಗ ಉರಿದು ಒಲೆಯ ಮುಂದೆ ಕೂತವರಿಗೆ ಏಳಲು ಪುರಸೊತ್ತಿಲ್ಲದಂತಾಯಿತು.

ನಿವೃತ್ತ ಎಂಜಿನಿಯರ್:
ಹೈಡ್ರಾಲಿಕ್ ಕೊಳ್ಳುವವರು ಚೀಟಿಯಲ್ಲಿ ಬರೆದ ಟನ್ನನ್ನು ನಂಬಿ ಮೋಸ ಹೋಗುತ್ತಾರೆ, ಆದ್ದರಿಂದ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಸಿಲಿಂಡರಿನ ಒಳವ್ಯಾಸ ಮತ್ತು ಪಂಪಿನ ಒತ್ತಡ ಎರಡನ್ನು ಕೇಳಿ. ಒಳವ್ಯಾಸ 65 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ.; ಒತ್ತಡ ಚದರ ಸೆಂ.ಮೀ.ಗೆ 200 ಕಿಲೋ ಎಂದಾದರೆ 6,600 ಕಿಲೋ, ಅಂದರೆ ಆರೂವರೆ ಟನ್ನಿನಷ್ಟು. ಅದೇ ಯಂತ್ರದ ಒತ್ತಡವನ್ನು 160ಕ್ಕೆ ಕಟ್ಟಿದ್ದರೆ ಐದು ಟನ್ ಚಿಲ್ಲರೆ. ಒಳವ್ಯಾಸ 100 ಮಿ.ಮೀ. ಆದರೆ 160ರ ಒತ್ತಡದಲ್ಲೇ ಹನ್ನೆರಡೂವರೆ ಟನ್ ಸಿಗುತ್ತದೆ. ಆದರೆ ಪುಕ್ಕಟೆಯಾಗಿ ಸಿಗುವುದಿಲ್ಲ. ಅಗಲವಾದ ಸಿಲಿಂಡರನ್ನು ತುಂಬಲು ಹೆಚ್ಚು ಎಣ್ಣೆ ಬೇಕು. ನಿಮಿಷಕ್ಕೆ 12 ಲೀಟರ್ ಕೊಡುವ ಪಂಪಾದರೆ ಮರವನ್ನು ಒತ್ತುವ ಸಿಲಿಂಡರಿನ ರಾಡು ಸೆಕೆಂಡಿಗೆ ಎರಡೂವರೆ ಸೆಂ.ಮೀ. ಮಾತ್ರ ಮುಂದೆ ಸರಿಯುತ್ತದೆ, ಒಂದು ಮೀಟರ್ ಪೂರ್ತಿ ಹೋಗಲು 40 ಸೆಕೆಂಡ್. ಅಷ್ಟಕ್ಕೇ ಸುಮಾರು 5 ಎಚ್‌ಪಿ ಮೋಟಾರು ಬೇಕು. ಎರಡು ಹಂತದ ಪಂಪು ಸಿಕ್ಕಿದರೆ ಬಿಡಬೇಡಿ: ಮರ ತಾಗುವವರೆಗೆ ವೇಗವಾಗಿ ಹೋಗಿ, ತಾಗಿದ ಮೇಲೆ ನಿಧಾನವಾಗಿ ಪೂರ್ಣ ಬಲದಿಂದ ಒತ್ತುತ್ತದೆ.

ನಿಮ್ಮ ಅಕೇಶಿಯಾ ಬುಡಕ್ಕೆ ಐದು ಟನ್ ಸಾಲದು. ಗೆರೆ ನೇರವಿರುವ ಸಿಲ್ವರ್ (ಸಿಲ್ವರ್ ಓಕ್) ಮರಕ್ಕಾದರೆ ಧಾರಾಳ.

ತೀರ್ಥಹಳ್ಳಿಯವ:
ಲೆಕ್ಕ ಚೆನ್ನಾಗಿದೆ ರಾಯರೇ, ಆದರೆ ನಮ್ಮ ವೋಲ್ಟೇಜನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಜೆ ನಮ್ಮ ಮನೆಯ ಬಲ್ಬು ದೀಪಾವಳಿಯ ಹಣತೆಯಂತೆ ಉರಿಯುತ್ತದೆ.

ನಿವೃತ್ತ ಎಂಜಿನಿಯರ್:
ಸರಿಯಾಗಿ ಹಿಡಿದಿರಿ. ಈ ಬಗೆಯ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಬಲ ಶೇ. 60ರ ಆಸುಪಾಸಿಗೆ ಕುಸಿದು, ಮೋಟಾರು ತಿಣುಕಿ, ಹೆಚ್ಚು ಕರೆಂಟು ಎಳೆದು, ಬಿಸಿಯಾಗಿ ಕೊನೆಗೆ ಸುರುಳಿ ಸುಡುತ್ತದೆ. ಸುಟ್ಟದ್ದು ಮೋಟಾರಿನ ದೋಷವೆಂದು ಜನ ಬೈಯುತ್ತಾರೆ. ಸಣ್ಣ ಯಂತ್ರಕ್ಕೆ ಉದ್ದನೆಯ ತೆಳುವಾದ ವೈರು ಎಳೆದು ಅಂಗಳದ ಕೊನೆಯಲ್ಲಿ ಓಡಿಸುವುದೂ ಇದೇ ಪಾಪ. ವೈರಿನಲ್ಲಿಯೇ ವೋಲ್ಟೇಜು ಸೋರಿಹೋಗುತ್ತದೆ.

ಬೆಟ್ಟದಂಚು:
ತೋಟದ ಪಂಪ್‌ಸೆಟ್ಟಿನ ತ್ರೀ ಫೇಸ್ ಇರುವಾಗ ಈ ತಲೆನೋವೇಕೆ? ಅದರಿಂದಲೇ ಎಳೆದುಕೊಂಡರಾಯಿತು.

ತೀರ್ಥಹಳ್ಳಿಯವ:
ಆಗುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟು ಕೊಡುವುದು ನೀರೆತ್ತಲು, ಕಟ್ಟಿಗೆ ಒಡೆಯಲು ಅಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು, ಸಲಹೆ ಕೊಟ್ಟವರು ಆ ದಿನ ಫೋನ್ ಎತ್ತುವುದಿಲ್ಲ. ಪವರ್ ಟಿಲ್ಲರ್ ಇದ್ದವರಿಗೆ ಬೇರೆ ದಾರಿ ಇದೆ. ಬೇಸಿಗೆಯಲ್ಲಿ ಸುಮ್ಮನೆ ನಿಂತಿರುವ ಟಿಲ್ಲರಿನ ಎಂಜಿನ್ನಿಗೆ ಬೆಲ್ಟು ಹಾಕಿ ಹೈಡ್ರಾಲಿಕ್ ಪಂಪು ತಿರುಗಿಸಬಹುದು. ಕರೆಂಟಿನ ಹಂಗೇ ಇಲ್ಲ, ಮರ ಬಿದ್ದಲ್ಲಿಗೇ ಯಂತ್ರ ಹೋಗುತ್ತದೆ.

ತಾಂಪೆರೆ ಕನ್ನಡಿಗ:
ನಾನು ಫಿನ್‌ಲ್ಯಾಂಡಿನಲ್ಲಿ ಇದ್ದೇನೆ, ಹುಟ್ಟೂರು ಶೃಂಗೇರಿ ಕಡೆ. ತೋಟಿಗರ ಮಗ ಕಳಿಸಿದ ಮೂರನೆಯ ಬಗೆಯ ಯಂತ್ರಗಳು ಈ ದೇಶದ ವಿಶೇಷ. ಹಕ್ಕಿ ಪಿಲ್ಕೆ, ಪಾಲಾಕ್ಸ್, ಯಾಪಾ ಇವೆಲ್ಲ ಇಲ್ಲಿಯ ತಯಾರಿಕೆಗಳೇ. ನೆರೆಯವರ ಜೊತೆ ಒಂದರಲ್ಲಿ ಕೆಲಸ ಮಾಡಿದ್ದೇನೆ. ಟ್ರಾಕ್ಟರಿನಿಂದ ಓಡುತ್ತದೆ, ಊಡಿಸುವ ಪಟ್ಟಿ ಬೊಡ್ಡೆಯನ್ನು ಒಳಗೆಳೆಯುತ್ತದೆ, ಚೈನ್ ಗರಗಸವೋ ದುಂಡು ಗರಗಸವೋ ಅದನ್ನು ಕತ್ತರಿಸುತ್ತದೆ, ತುಂಡು ಕೆಳಗಿನ ತೊಟ್ಟಿಗೆ ಬಿದ್ದೊಡನೆ ರಾಡು ಅದನ್ನು ನಾಲ್ಕು ಅಥವಾ ಆರು ಸೀಳಿನ ಬೆಣೆಯ ಮೂಲಕ ನೂಕುತ್ತದೆ. ನೋಡುವುದಕ್ಕೆ ಸೊಗಸು. ಆದರೆ ಅದು ನೇರವಾಗಿ ಬೆಳೆದ ಬರ್ಚ್ ಮತ್ತು ಸ್ಪ್ರೂಸ್ ಮರಗಳಿಗೆ ಮಾಡಿದ್ದು. ಡೊಂಕು ಬೊಡ್ಡೆ ಪಟ್ಟಿಯ ಮೇಲೆ ಉರುಳುತ್ತದೆ, ಕವಲು ತೊಟ್ಟಿಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ, ಬಿಡಿಸುವುದಕ್ಕೆ ಯಂತ್ರ ನಿಲ್ಲಿಸಿ ಕಬ್ಬಿಣದ ಸಲಾಕೆ ಹಿಡಿಯಬೇಕು. ತುಂಡಿನ ಉದ್ದವೂ ಸಾಮಾನ್ಯವಾಗಿ 20ರಿಂದ 60 ಸೆಂ.ಮೀ. ಒಳಗೇ. ನಿಮ್ಮ ಮೂರು ಅಡಿಯ ಅಕೇಶಿಯಾವನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ಇಲ್ಲಿಯೂ ಸೌನಾಕ್ಕೆ (ಬಿಸಿಹಬೆಯ ಸ್ನಾನಕ್ಕೆ) ಮಾತ್ರ ಕಟ್ಟಿಗೆ ಉರಿಸುವ ಮನೆಯವರು ಅದನ್ನು ಕೊಳ್ಳುವುದಿಲ್ಲ; ಮಾರುವುದಕ್ಕೆಂದು ಒಡೆಯುವವರು ಕೊಳ್ಳುತ್ತಾರೆ. ಇನ್ನೊಂದು ಮಾತು: ಯುರೋಪಿನ ಸುರಕ್ಷತಾ ಮಾನದಂಡ ಇಎನ್ 609ರಲ್ಲಿ ಬೆಣೆಯ ಯಂತ್ರಕ್ಕೆ ಒಂದು ಭಾಗ, ತಿರುಪಿನ ಯಂತ್ರಕ್ಕೆ ಪ್ರತ್ಯೇಕವಾಗಿ ಎರಡನೆಯ ಭಾಗ ಇದೆ. ಎರಡರ ಅಪಾಯ ಒಂದೇ ಬಗೆಯದಲ್ಲ ಎಂದು ಅವರೂ ತಿಳಿದಿದ್ದಾರೆ.

ಹೊಸನಗರದ ತೋಟಿಗ:
ಮಗನಿಗೆ ಇದನ್ನು ಓದಿ ಹೇಳಿದೆ. "ಹಾಗಾದರೆ ಬೇಡ ಬಿಡಿ" ಎಂದ. ಅರ್ಧ ತಲೆನೋವು ಕಡಿಮೆಯಾಯಿತು.

ಹಳೆ ಕೊಡಲಿ:
ಯಂತ್ರದ ಮಾತು ಮುಗಿದಿದ್ದರೆ ಮರದ ಮಾತು ಆಡೋಣ. ಅಕೇಶಿಯಾವನ್ನು ಕಡಿದ ತಿಂಗಳೊಳಗೆ, ಹಸಿ ಇರುವಾಗಲೇ ಒಡೆಯಬೇಕು. ಒಣಗಿದ ಮೇಲೆ ಅದು ಕಲ್ಲು, ನೀಲಗಿರಿಯದ್ದೂ ಅದೇ ಕಥೆ. ಮರದ ಮೇಲ್ತುದಿಯ ಕಡೆಯಿಂದ ಬೆಣೆ ಹೂಡಿದರೆ ಬೇಗ ಬಿರಿಯುತ್ತದೆ ಎಂದು ನಮ್ಮ ಅಜ್ಜಯ್ಯ ಹೇಳುತ್ತಿದ್ದರು, ಯಂತ್ರದಲ್ಲಿಯೂ ನಾನು ಹಾಗೆಯೇ ಇಡುತ್ತೇನೆ. ದಪ್ಪ ದಿಮ್ಮಿಯನ್ನು ನಡುವೆಯೇ ಸೀಳಲು ಹೋಗಬೇಡಿ, ಅಂಚಿನಿಂದ ಹೋಳು ಹೋಳಾಗಿ ತೆಗೆಯುತ್ತ ಬನ್ನಿ. ನಡುವಿನ ತಿರುಳು ಕೊನೆಗೆ ತಾನಾಗಿ ಸಣ್ಣದಾಗುತ್ತದೆ. ಎರಡು ಕವಲು ಕೂಡುವ ಗಂಟನ್ನು ಮಾತ್ರ ಯಾವ ಟನ್ನಿನ ಯಂತ್ರಕ್ಕೂ ಕೊಡಬೇಡಿ. ಬಚ್ಚಲ ಒಲೆಗೆ ಅದನ್ನು ಇಡಿಯಾಗಿ ನೂಕಿದರೆ ರಾತ್ರಿಯಿಡೀ ಕೆಂಡ ಹಿಡಿದು, ಬೆಳಗ್ಗೆ ಹಂಡೆಯ ನೀರು ಬಿಸಿಯಾಗಿಯೇ ಇರುತ್ತದೆ.

ಕೊಡಗಿನ ಬಾಣೆ:
ಹಳೆ ಕೊಡಲಿಯವರ ಗಂಟಿನ ಮಾತಿಗೆ ನನ್ನದೊಂದು ಕೈ. ನಮ್ಮಲ್ಲಿ ಕಾಫಿ ತೋಟದ ನೆರಳಿನ ಸಿಲ್ವರ್ ಮರವೇ ಹೆಚ್ಚು. ಟ್ರಾಕ್ಟರಿನ ಹಿಂದೆ ಜೋಡಿಸುವ, ನೆಟ್ಟಗೆ ನಿಲ್ಲುವ ಹೈಡ್ರಾಲಿಕ್ ಯಂತ್ರದಲ್ಲಿ ಒಡೆಯುತ್ತೇವೆ. ನಿಂತ ಮಾದರಿಯಲ್ಲಿ ಒಂದು ಮೀಟರ್ ತುಂಡು ಕೂರುತ್ತದೆ, ಭಾರದ ಬುಡವನ್ನು ಎತ್ತಬೇಕಾಗಿಲ್ಲ, ನೆಲದ ಮೇಲೆಯೇ ಉರುಳಿಸಿ ತಂದು ನಿಲ್ಲಿಸಿದರೆ ಸಾಕು. ಐವತ್ತು ದಾಟಿದ ಸೊಂಟಕ್ಕೆ ಇದು ಸಣ್ಣ ವಿಷಯವಲ್ಲ. ಅಂದ ಹಾಗೆ, ನಮ್ಮದೇ ಜಮೀನಾದರೂ ಮರ ಕಡಿಯುವ ಮುನ್ನ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಿ. ಸಿಲ್ವರ್, ನೀಲಗಿರಿ, ಗಾಳಿಮರದಂಥವಕ್ಕೆ ಅನುಮತಿಯಿಂದ ವಿನಾಯಿತಿ ಇದೆ. ಮತ್ತಿ, ಹೊನ್ನೆಗಳಿಗೆ ಕೊಡಲಿ ಹಾಕಿ ಆಮೇಲೆ ಕೈ ಕೈ ಹಿಸುಕಿಕೊಳ್ಳಬೇಡಿ.

ಗರಗಸ:
ಎಲ್ಲರೂ ಒಡೆಯುವುದನ್ನೇ ಹೇಳುತ್ತಿದ್ದೀರಿ. ಕಟ್ಟಿಗೆಯ ಕೆಲಸದಲ್ಲಿ ಅರ್ಧ ಹೊತ್ತು ಕೊಯ್ಯುವುದಕ್ಕೆ ಹೋಗುತ್ತದೆ, ಅಲ್ಲಿಯೇ ಜನ ಸೋಲುವುದು. ಚೈನ್ ಗರಗಸದಿಂದ ಉದುರುವುದನ್ನು ನೋಡಿ: ಚಕ್ಕೆ ಉದುರಿದರೆ ಹಲ್ಲು ಹರಿತವಾಗಿದೆ, ಹಿಟ್ಟಿನಂಥ ಪುಡಿ ಉದುರಿದರೆ ಮೊಂಡಾಗಿದೆ. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ದರೆ ಬಾರು (ಚೈನ್ ಸುತ್ತ ಓಡುವ ಉದ್ದನೆಯ ಉಕ್ಕಿನ ಪಟ್ಟಿ) ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ ಮನೆ ಬಳಕೆಯ ಸಣ್ಣ ಗರಗಸಗಳಿಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ ಬೇಕು, 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ಎಲ್ಲ ಹಲ್ಲಿಗೂ ಅಷ್ಟೇ ಸಲ. ಒಂದು ಬದಿಗೆ ಹೆಚ್ಚು ಉಜ್ಜಿದರೆ ಗರಗಸ ಡೊಂಕಾಗಿ ಕೊಯ್ಯುತ್ತದೆ, ಡೊಂಕು ಕೊಯ್ದ ದಿಮ್ಮಿ ನಿಂತ ಯಂತ್ರದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಬಾರನ್ನು ಆಗಾಗ ತಿರುವಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯಲಿ. ಚೈನಿಗೆ ಬೈಕಿನ ಹಳೆ ಎಂಜಿನ್ ಆಯಿಲ್ ಸುರಿಯುವವರಿಗೆ ಕೈ ಮುಗಿದು ಹೇಳುತ್ತೇನೆ, ಸುರಿಯಬೇಡಿ.

ಬೆಟ್ಟದಂಚು:
ಹತ್ತು ವರ್ಷದಿಂದ ಹಳೆ ಆಯಿಲನ್ನೇ ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಗರಗಸ:
ಹತ್ತು ವರ್ಷದಲ್ಲಿ ಎಷ್ಟು ಬಾರು ಬದಲಿಸಿದ್ದೀರಿ ಎಂದೂ ಹೇಳಿ ಮಾವ.

ಬೆಟ್ಟದಂಚು:
ನಾಲ್ಕು.

ಗರಗಸ:
ಉತ್ತರ ಅದರಲ್ಲಿಯೇ ಇದೆ. ಹಳೆ ಆಯಿಲಿನಲ್ಲಿ ಸವೆದ ಲೋಹದ ಪುಡಿ ತೇಲುತ್ತಿರುತ್ತದೆ, ಅದು ಬಾರಿಗೆ ಮರಳು ಕಾಗದ ಉಜ್ಜಿದಂತೆ. ಅದೂ ಅಲ್ಲದೆ ಗರಗಸ ಅದನ್ನೆಲ್ಲ ತೋಟಕ್ಕೇ ಸಿಡಿಸುತ್ತದೆ. ಇನ್ನು ಮಳೆಗಾಲದ ಮಾತು: ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಜೂನ್‌ನಲ್ಲಿ ಟ್ಯಾಂಕಿನಲ್ಲಿ ಬಿಟ್ಟು ಅಕ್ಟೋಬರಿನಲ್ಲಿ ಹಗ್ಗ ಎಳೆದರೆ ಗರಗಸ ಕೆಮ್ಮುವುದೂ ಇಲ್ಲ. ಎತ್ತಿಡುವ ಮುನ್ನ ಟ್ಯಾಂಕು ಖಾಲಿ ಮಾಡಿ, ತಾನಾಗಿ ಆರುವವರೆಗೆ ಎಂಜಿನ್ ಓಡಿಸಿ.

ಕೊಪ್ಪದ ವರ್ಕ್‌ಶಾಪ್:
ಹೈಡ್ರಾಲಿಕ್ ಯಂತ್ರದ ಮಳೆಗಾಲದ ಆರೈಕೆಯನ್ನು ನಾನು ಬರೆಯುತ್ತೇನೆ, ಏಕೆಂದರೆ ಸೆಪ್ಟೆಂಬರಿನಲ್ಲಿ ನನ್ನ ಬಾಗಿಲಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಒಡೆದು ಹಾಳಾದವಲ್ಲ, ಸುಮ್ಮನೆ ನಿಂತು ಹಾಳಾದವು. ಎತ್ತಿಡುವಾಗ ರಾಡನ್ನು ಪೂರ್ತಿ ಒಳಕ್ಕೆ ಎಳೆದಿಡಿ. ಹೊಳೆಯುವ ರಾಡು ನಾಲ್ಕು ತಿಂಗಳು ಹೊರಗೆ ನಿಂತರೆ ತುಕ್ಕಿನ ಚುಕ್ಕೆ ಏಳುತ್ತದೆ, ಮಳೆ ನಿಂತ ಮೇಲೆ ಅದೇ ಚುಕ್ಕೆ ಎಣ್ಣೆ ಸೋರದಂತೆ ತಡೆಯುವ ಸೀಲನ್ನು ಅರದಂತೆ ಉಜ್ಜಿ ಹಾಕುತ್ತದೆ. ಸೀಲು ಬದಲಿಸಿ ಎಂದು ಬರುತ್ತಾರೆ. ರಾಡು ಹಾಗೆಯೇ ಇದ್ದರೆ ಹೊಸ ಸೀಲು ಎಷ್ಟು ದಿನ ಬಾಳುತ್ತದೆ? ಒಳಕ್ಕೆ ಹೋಗದೆ ಉಳಿಯುವ ಭಾಗಕ್ಕೆ ಗ್ರೀಸು ಬಳಿಯಿರಿ.

ಎಣ್ಣೆ ಗಟ್ಟಿತನದ ದರ್ಜೆ 46ರ ಅಥವಾ ಬಿಸಿಲಿನ ಊರಾದರೆ 68ರ ಹೈಡ್ರಾಲಿಕ್ ಎಣ್ಣೆ, ಎಂಜಿನ್ ಆಯಿಲ್ ಅಲ್ಲ. ಹೊಸ ಯಂತ್ರದ ಮೊದಲ ಎಣ್ಣೆಯನ್ನು ಐವತ್ತು ಗಂಟೆ ಓಡಿದ ಮೇಲೆ ಬದಲಿಸಿ. ಪೈಪಿನೊಳಗೆ ಉಳಿದ ವೆಲ್ಡಿಂಗಿನ ಕಿಡಿಪುಡಿಯೆಲ್ಲ ಆಗ ಹೊರಗೆ ಬರುತ್ತದೆ. ಬಚ್ಚಲೊಲೆ ಅಕ್ಕನಂಥವರ ಸಣ್ಣ ಯಂತ್ರಗಳಲ್ಲಿ ಗಾಳಿ ಬಿಡುವ ಸಣ್ಣ ತಿರುಪು ಒಂದಿರುತ್ತದೆ. ಕೆಲಸಕ್ಕೆ ಮುನ್ನ ಅದನ್ನು ಒಂದೆರಡು ಸುತ್ತು ಸಡಿಲಿಸಬೇಕು, ಸಾಗಿಸುವಾಗ ಬಿಗಿ ಮಾಡಬೇಕು. ಬಿಗಿ ಇರುವಾಗಲೇ ಓಡಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಸೀಲನ್ನು ಕೆಡಿಸುತ್ತದೆ. ದೊಡ್ಡ ಯಂತ್ರದ ಟ್ಯಾಂಕಿನ ಮುಚ್ಚಳದಲ್ಲಿ ಉಸಿರಾಟದ ರಂಧ್ರವಿರುತ್ತದೆ, ಕುಂಬಾರ ಹುಳಕ್ಕೆ ಅದು ಬಲು ಇಷ್ಟ. ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಟ್ಟಿರುತ್ತದೆ.

ಹೋಸಿನಿಂದ ಎಣ್ಣೆ ಎಲ್ಲಿ ಜಿನುಗುತ್ತಿದೆ ಎಂದು ಯಂತ್ರ ಓಡುವಾಗ ಬೆರಳಿನಿಂದ ಸವರಿ ನೋಡಬೇಡಿ, ಕೂದಲೆಳೆಯಷ್ಟು ಸಣ್ಣ ಧಾರೆಯೂ ಆ ಒತ್ತಡದಲ್ಲಿ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೊಮ್ಮೆ ಹೊಕ್ಕರೆ ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಮತ್ತೆ, ಗಂಟಿನ ದಿಮ್ಮಿ ಒಡೆಯಲಿಲ್ಲವೆಂದು ಒತ್ತಡದ ವಾಲ್ವಿನ ತಿರುಪನ್ನು ಬಿಗಿ ಮಾಡುವ ಶೂರರಿದ್ದಾರೆ. ಅದು ಸಿಲಿಂಡರನ್ನು ಕಾಯುವ ಕಾವಲುಗಾರ, ಅದನ್ನು ಮುಟ್ಟಬೇಡಿ.

ಬಚ್ಚಲೊಲೆ:
ಗಾಳಿಯ ತಿರುಪಿನ ಸಂಗತಿ ಎರಡು ವರ್ಷದಿಂದ ನನಗೆ ಗೊತ್ತೇ ಇರಲಿಲ್ಲ! ಕೊಟ್ಟವರು ಹೇಳಲಿಲ್ಲ, ಪುಸ್ತಕವನ್ನು ಇಲಿ ತಿಂದಿತ್ತು. ಈಗಲೇ ಹೋಗಿ ನೋಡುತ್ತೇನೆ.

ಬಚ್ಚಲೊಲೆ:
ನೋಡಿದೆ. ಬಿಗಿಯಾಗಿಯೇ ಇತ್ತು. ಸಡಿಲಿಸಿದೊಡನೆ ಬುಸ್ಸೆಂದು ಗಾಳಿ ಬಂತು. ರಾಡಿನ ಬುಡದಲ್ಲಿ ಎಣ್ಣೆ ಹನಿಯುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು.

ಹಳೆ ಕೊಡಲಿ:
ಇಷ್ಟೆಲ್ಲ ಬರೆದಿರಿ, ಒಲೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ 'ಅಸ್ತ್ರ' ವಿಭಾಗದವರು ಚಿಮಣಿ ಇರುವ ಮೂರು ಪಾತ್ರೆಯ ಒಲೆ ಮಾಡಿಕೊಟ್ಟಿದ್ದರು, ನಮ್ಮ ಅಡುಗೆಮನೆಯಲ್ಲಿ ಅದು ಬಂದ ವರ್ಷ ಹೊಗೆಯೂ ಇಳಿಯಿತು, ಕಟ್ಟಿಗೆಯೂ ಉಳಿಯಿತು. ಹಂಡೆಯ ಒಲೆಯ ಬಾಯಿಯನ್ನು ಚಿಕ್ಕದು ಮಾಡಿ, ಕೆಳಗೆ ಗಾಳಿಯಾಡುವ ಜಾಳಿಗೆ ಇಟ್ಟರೆ ಆರು ಲೋಡು ಬೇಕಾಗಿಯೇ ಇರಲಾರದು.

ನಿರ್ವಾಹಕ:
ದಯವಿಟ್ಟು ಯಂತ್ರದ ವಿಷಯಕ್ಕೇ ಸೀಮಿತವಾಗಿರಿ.

ಹಳೆ ಕೊಡಲಿ:
ಆರು ಲೋಡು ನಾಲ್ಕಾದರೆ ಯಂತ್ರದ ಅಳತೆಯೇ ಬದಲಾಗುತ್ತದೆ. ಇದು ವಿಷಯವಲ್ಲದೆ ಮತ್ತೇನು?

ನಿವೃತ್ತ ಎಂಜಿನಿಯರ್:
ಅವರ ಮಾತು ಸರಿ. ಜೊತೆಗೆ ಒಣಗಿಸುವುದನ್ನೂ ಸೇರಿಸಿ. ಈಗ ತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಆವಿ ಮಾಡಲು 600 ಕಿಲೋಕ್ಯಾಲರಿಗೂ ಹೆಚ್ಚು ಶಾಖ ಬೇಕು. ಅಷ್ಟು ಶಾಖ ಅಡಿಕೆಗೆ ಹೋಗದೆ ಹೊಗೆಯ ಜೊತೆ ಮಾಡಿನ ಮೇಲೆ ಹೋಗುತ್ತದೆ. ಒಡೆದ ನಾಲ್ಕು ಸೀಳುಗಳಿಗೆ ಸುಣ್ಣದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಕಟ್ಟಿಗೆ ಒಣಗಿದೆ ಎಂದರ್ಥ. ಫೆಬ್ರವರಿಯಲ್ಲಿ ಒಡೆದು ಗಾಳಿಯಾಡುವಂತೆ ಒಟ್ಟಿದರೆ ಮೇ ಕೊನೆಯೊಳಗೆ ಕೊಟ್ಟಿಗೆ ಸೇರಿಸಬಹುದು.

ಹೊಸನಗರದ ತೋಟಿಗ:
ಎಲ್ಲರಿಗೂ ಬಹಳ ಉಪಕಾರವಾಯಿತು. ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಒಲೆ ಅಳೆದೆ, ಮೂರು ಅಡಿ ಎರಡು ಅಂಗುಲ. ನೆರೆಯ ಇಬ್ಬರ ಜೊತೆ ಪಾಲು ಹಾಕಿ, ಒಂದು ಮೀಟರ್ ತುಂಡು ಕೂರುವ, ನಿಂತ ಮಾದರಿಯ ಹೈಡ್ರಾಲಿಕ್ ಯಂತ್ರವನ್ನು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಸಿಲಿಂಡರು 100 ಮಿ.ಮೀ., ಪಕ್ಕದ ಮನೆಯ ಪವರ್ ಟಿಲ್ಲರಿನಿಂದ ಓಡುತ್ತದೆ. ಎರಡು ಹಿಡಿಕೆಯನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವಂತೆ ಮಾಡಿಸಿದ್ದೇವೆ. ಮಾಡುವವನು "ಒಂದು ಸಾಕು" ಎಂದು ವಾದಿಸಿದ, ನಾನು ಬಿಡಲಿಲ್ಲ. ಅಕೇಶಿಯಾದ ನೇರ ತುಂಡುಗಳು ರಾಡು ಮೂರನೆಯ ಒಂದು ಭಾಗ ಇಳಿಯುವಷ್ಟರಲ್ಲಿ ಪಟ್ಟೆಂದು ಬಿರಿಯುತ್ತವೆ. ನಾಲ್ಕು ದಿನದಲ್ಲಿ ಅಂಗಳ ಖಾಲಿಯಾಯಿತು.

ಈಗ ಒಂದು ತೊಂದರೆ. ನಿನ್ನೆಯಿಂದ ಪಂಪು ಅಳುವಂತೆ ಸದ್ದು ಮಾಡುತ್ತಿದೆ, ರಾಡು ತಡೆತಡೆದು ಇಳಿಯುತ್ತದೆ, ಟ್ಯಾಂಕಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ. ಮೊನ್ನೆ ಅಡ್ಡಮಳೆ ಬಂದಿತ್ತು. ನೀರು ಸೇರಿತೇ?

ಕೊಪ್ಪದ ವರ್ಕ್‌ಶಾಪ್:
ಎಣ್ಣೆ ಚೆಲ್ಲಬೇಡಿ. ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗದಂತೆ ಇಡಿ. ಬೆಳಗ್ಗೆಯೂ ಬೆಳ್ಳಗೇ ಇದ್ದರೆ, ಅಥವಾ ತಳದಲ್ಲಿ ನೀರು ನಿಂತಿದ್ದರೆ ಎಣ್ಣೆ ಬದಲಿಸಬೇಕು. ತಿಳಿಯಾಗಿದ್ದರೆ ಅದು ನೀರಲ್ಲ, ಗಾಳಿ; ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಎಣ್ಣೆಯ ಮಟ್ಟವನ್ನೂ, ಮುಚ್ಚಳದ ರಂಧ್ರವನ್ನೂ ನೋಡಿ.

ಹೊಸನಗರದ ತೋಟಿಗ:
ಬೆಳಗ್ಗೆಗೆ ಎಣ್ಣೆ ಜೇನುತುಪ್ಪದಂತೆ ತಿಳಿಯಾಗಿತ್ತು. ರಂಧ್ರ ಶುಚಿಯಾಗಿದೆ, ಮಟ್ಟವೂ ಸರಿಯಿದೆ. ಪಂಪಿನ ಹತ್ತಿರದ ಹೋಸಿನ ಕ್ಲಿಪ್ಪು ಟಿಲ್ಲರಿನ ನಡುಕಕ್ಕೆ ಸಡಿಲವಾಗಿ ಬೆರಳಿಗೇ ತಿರುಗುತ್ತಿತ್ತು. ಬಿಗಿ ಮಾಡಿದೆ, ಪಕ್ಕಕ್ಕೆ ಇನ್ನೊಂದು ಕ್ಲಿಪ್ಪನ್ನೂ ಹಾಕಿದೆ. ಸದ್ದು ನಿಂತಿದೆ. ಮಧ್ಯಾಹ್ನ ನೆರೆಮನೆಯವರ ಸರದಿ.